ಬೀಜದ ಗಡಿಗೆಗೂ ಬೇಕು ಮನೆಮದ್ದು

ಉಪ್ಪಿನಕಾಯಿ ಜಾಡಿಗೆ ಒದ್ದೆ ಸೌಟು ಹಾಕಬಾರದು ಎಂದು ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹಪ್ಪಳದ ಡಬ್ಬಿಯ ಮುಚ್ಚಳವನ್ನು ಶ್ರಾವಣದ ಮಳೆಯಲ್ಲಿ ತೆರೆದಿಟ್ಟರೆ ಏನಾಗುತ್ತದೆ ಎಂಬುದೂ ಗೊತ್ತು. ಹುಣಸೆಹಣ್ಣಿಗೆ ಉಪ್ಪು, ಬೇಳೆಗೆ ಔಡಲೆಣ್ಣೆ, ಅಕ್ಕಿಗೆ ಬೇವಿನೆಲೆ - ಹೀಗೆ ಒಂದೊಂದಕ್ಕೂ ಒಂದೊಂದು ಉಪಾಯ ನಮ್ಮ ಕೈಯಲ್ಲಿದೆ. ಆದರೆ ಅದೇ ಅಡುಗೆಮನೆಯ ಆಚೆಯ ಮೂಲೆಯಲ್ಲಿ, ಬಾಯಿಗೆ ಬಟ್ಟೆ ಕಟ್ಟಿಸಿಕೊಂಡು ಕುಳಿತ ಬೀಜದ ಗಡಿಗೆಯನ್ನು ನಾವು ಎಷ್ಟು ಸಲ ಇಣುಕಿ ನೋಡುತ್ತೇವೆ?

ತಿನ್ನುವ ಕಾಳು ಕೆಟ್ಟರೆ ಒಂದು ತಿಂಗಳ ಊಟಕ್ಕೆ ಕುತ್ತು. ಬಿತ್ತುವ ಕಾಳು ಕೆಟ್ಟರೆ ಒಂದು ವರ್ಷದ ಊಟಕ್ಕೇ ಕುತ್ತು. ಈ ಮಾತು ನನಗೆ ಪುಸ್ತಕದಿಂದ ಬಂದದ್ದಲ್ಲ. ನನ್ನ ಕೈಯಾರೆ ಹನ್ನೆರಡು ಕಿಲೊ ಬೀಜ ಕೆಡಿಸಿಕೊಂಡು ಕಲಿತದ್ದು. ಆ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ನಗಬೇಡಿ.

ನನ್ನ ಜಾಣತನದ ಫಲ

ನನ್ನ ತವರು ಸುರಪುರದ ಕಡೆ. ಕೊಟ್ಟಿದ್ದು ಶಹಾಪುರ ತಾಲ್ಲೂಕಿನ ಒಂದು ಹಳ್ಳಿಗೆ. ನಾದಿನಿಯ ಮನೆ ಯಾದಗಿರಿ ಪೇಟೆಯಲ್ಲಿ. ೨೦೦೯ರ ಡಿಸೆಂಬರಿನಲ್ಲಿ ಕಲಬುರಗಿಯಿಂದ ಬೇರೆಯಾಗಿ ಯಾದಗಿರಿ ಜಿಲ್ಲೆ ಆದಾಗ, ಅದರಲ್ಲಿದ್ದದ್ದು ಈ ಮೂರೇ ತಾಲ್ಲೂಕು. ಹಾಗಾಗಿ ನನ್ನ ನಂಟಸ್ತಿಕೆ ಎಲ್ಲ ಒಂದೇ ಜಿಲ್ಲೆಯೊಳಗೆ ಎಂದು ಮನೆಯವರು ಹಾಸ್ಯ ಮಾಡುತ್ತಿದ್ದರು.

ನಮ್ಮ ಮನೆಯಲ್ಲಿ ನಾಲ್ಕು ಎಕರೆ ಎರೆಹೊಲಕ್ಕೆ ಹಿಂಗಾರಿ ಬಿಳಿಜೋಳ ಬಿತ್ತುತ್ತಾರೆ. ಎಕರೆಗೆ ಸುಮಾರು ಮೂರು ಕಿಲೊ ಬೀಜ. ಅದನ್ನು ಅಂಗಡಿಯಿಂದ ತರುವ ರೂಢಿ ಇಲ್ಲ. ಮಾಲದಂಡಿ ಜೋಳ, ಅತ್ತೆಯ ಅತ್ತೆ ಆರಿಸಿಟ್ಟ ತೆನೆಯಿಂದ ಅತ್ತೆ, ಅತ್ತೆ ಆರಿಸಿಟ್ಟ ತೆನೆಯಿಂದ ಈಗ ನಾನು. ರಾಶಿಗೆ ಮುಂಚೆ ಹೊಲಕ್ಕೆ ಹೋಗಿ, ತುಂಬಿದ ತೆನೆಗಳನ್ನೇ ನೋಡಿ ಮುರಿದು ತಂದು, ಮಾಳಿಗೆಯ ಮೇಲೆ ಒಣಗಿಸಿ, ಬಡಿದು, ಬೂದಿ ಬೆರೆಸಿ ಗಡಿಗೆಗೆ ಹಾಕುತ್ತಾರೆ.

ಕೆಲವು ವರ್ಷಗಳ ಹಿಂದೆ ಒಂದು ಕೃಷಿ ಮೇಳದಲ್ಲಿ ಬೇವಿನ ರಸದಿಂದ ಬೀಜಕ್ಕೆ ಬೂಷ್ಟು ಹಿಡಿಯುವುದಿಲ್ಲ ಎಂದು ಯಾರೋ ವಿವರಿಸುತ್ತಿದ್ದರು. ನಾನು ಅರ್ಧ ಕೇಳಿಸಿಕೊಂಡು ಬಂದೆ. ಆಗ ಆಷಾಢ. ಮನೆಗೆ ಬಂದವಳೇ ಒಂದು ಬುಟ್ಟಿ ಬೇವಿನ ತಪ್ಪಲು ಅರೆದು, ರಸ ಸೋಸಿ, ಗಡಿಗೆಯ ಬೀಜವನ್ನೆಲ್ಲ ಅದರಲ್ಲಿ ಅದ್ದಲು ಕುಳಿತೆ.

ಅತ್ತೆ ನೋಡಿದರು. "ಮಳಿಗಾಲದಾಗ ಬೀಜಕ್ಕ ನೀರ ತೋರಸಬ್ಯಾಡವಾ. ನೀರ ಕಂಡ ಬೀಜ ಸುಮ್ನ ಕೂಡಂಗಿಲ್ಲ" ಎಂದರು.

"ಇದು ನೀರಲ್ಲ ಅತ್ತಿ, ಬೇವಿನ ರಸ. ಔಷಧ."

"ಔಷಧ ಇದ್ರೂ ಹಸೀನ ಅಲ್ಲೇನ?"

ನಾನು ಕೇಳಲಿಲ್ಲ. ಮೋಡದ ಬಿಸಿಲಿನಲ್ಲಿ ಅರ್ಧ ದಿನ ಆರಿಸಿ, ಗೊಬ್ಬರದ ಪ್ಲಾಸ್ಟಿಕ್ ಚೀಲ ತೊಳೆದು ಅದರಲ್ಲಿ ತುಂಬಿ ಬಾಯಿ ಬಿಗಿದೆ. ಗಡಿಗೆಗಿಂತ ಚೀಲ ಸುರಕ್ಷಿತ ಎಂಬ ನಂಬಿಕೆ ಬೇರೆ.

ಸೆಪ್ಟೆಂಬರಿನಲ್ಲಿ, ಉತ್ತರಿ ಮಳೆ ಹೊತ್ತಿಗೆ ಬಿತ್ತನೆಗೆಂದು ಚೀಲ ಬಿಚ್ಚಿದಾಗ ಮೊದಲು ಬಂದದ್ದು ವಾಸನೆ. ಒದ್ದೆ ಗೋಡೆಯ ಮುಗ್ಗು ವಾಸನೆ. ಕೈಹಾಕಿದರೆ ಕಾಳುಗಳು ಬೆಲ್ಲದ ಅಚ್ಚಿನಂತೆ ಒಂದಕ್ಕೊಂದು ಅಂಟಿದ್ದವು. ಕೆಲವು ಹಸಿರು, ಕೆಲವು ಕಪ್ಪು, ನಡುನಡುವೆ ಹತ್ತಿಯಂಥ ಬಿಳಿ ಎಳೆ. ಚೀಲದ ಒಳಗೆ ಕೈಗೆ ಬಿಸಿ ತಗುಲಿತು. ಅತ್ತೆ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಬೀಜ ಕೊಳ್ಳೂದು ಬ್ಯಾರೆ, ಮನಿ ಬೀಜ ಕಳಕೊಳ್ಳೂದು ಬ್ಯಾರೆ" ಎಂದಷ್ಟೇ ಹೇಳಿ ಒಳಗೆ ಹೋದರು.

ಬೇವು ಸುಳ್ಳಾಯಿತೇ? ಇಲ್ಲ. ಬೇವಿನಲ್ಲಿ ಗುಣವಿದ್ದದ್ದು ನಿಜ, ಅತ್ತೆ ಹೇಳಿದ್ದೂ ನಿಜ. ತಪ್ಪು ಎಲ್ಲಿ ಎಂದು ತಿಳಿಯಲು ನಾನು ಆಮೇಲೆ ಓದಿದೆ, ತಿಳಿದವರನ್ನು ಕೇಳಿದೆ, ಮನೆಯಲ್ಲೇ ಮಾಡಿ ನೋಡಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬೂಸರು ಎಲ್ಲಿಂದ ಬರುತ್ತದೆ?

ಬೂಷ್ಟು, ಬೂಸರು ಎಂದು ನಾವು ಕರೆಯುವುದು ಶಿಲೀಂಧ್ರವನ್ನು. ಅದರ ಕಣಗಳು ಗಾಳಿಯಲ್ಲಿ, ಮಣ್ಣಿನಲ್ಲಿ, ಚೀಲದ ನೂಲಿನಲ್ಲಿ, ಕಾಳಿನ ಸಿಪ್ಪೆಯ ಮೇಲೆ ಎಲ್ಲ ಕಡೆಯೂ ಇರುತ್ತವೆ. ಹೊಲದಲ್ಲಿ ತೆನೆ ನಿಂತಿರುವಾಗಲೇ ಮಳೆ ಹಿಡಿದರೆ ಹತ್ತುವ ಬೂಷ್ಟುಗಳು ಒಂದು ಬಗೆ - ಫ್ಯುಸೇರಿಯಂ, ಕರ್ವುಲೇರಿಯಾ, ಆಲ್ಟರ್ನೇರಿಯಾ ಎಂಬುವು. ಕಾಳು ಮನೆಗೆ ಬಂದ ಮೇಲೆ ಬೆಳೆಯುವವು ಇನ್ನೊಂದು ಬಗೆ. ಹಳದಿ ಹಸಿರಿನದು ಆಸ್ಪರ್ಜಿಲಸ್ ಫ್ಲೇವಸ್, ಕಾಡಿಗೆ ಕಪ್ಪಿನದು ಆಸ್ಪರ್ಜಿಲಸ್ ನೈಜರ್, ನೀಲಿ ಹಸಿರಿನದು ಪೆನಿಸಿಲಿಯಂ. ಹಳೆಯ ರೊಟ್ಟಿಯ ಮೇಲೆ ಹತ್ತಿಯಂತೆ ಏಳುವ ರೈಜೋಪಸ್ ಕೂಡ ಬೀಜಕ್ಕೆ ಬರುತ್ತದೆ.

ಇವು ಮೊಳೆಯಲು ಬೇಕಾದದ್ದು ತೇವ ಮತ್ತು ಬೆಚ್ಚನೆಯ ಜಾಗ. ಕಾಳಿನ ಸುತ್ತಲಿನ ಗಾಳಿಯ ತೇವಾಂಶ ಶೇಕಡಾ ೬೫ಕ್ಕಿಂತ ಕೆಳಗಿದ್ದರೆ ಹೆಚ್ಚಿನ ಬೂಷ್ಟುಗಳು ಏಳುವುದಿಲ್ಲ. ಒಮ್ಮೆ ಎದ್ದರೆ ಅವು ತಾವೇ ಉಸಿರಾಡಿ ಇನ್ನಷ್ಟು ತೇವ, ಇನ್ನಷ್ಟು ಶಾಖ ಹುಟ್ಟಿಸುತ್ತವೆ. ನನ್ನ ಕೈಗೆ ಬಿಸಿ ತಗುಲಿದ್ದು ಅದಕ್ಕೇ. ಹುಳದ ಕಥೆಯೂ ಹೀಗೆಯೇ. ಹುಳ ತೂತು ಕೊರೆದು ಬೂಷ್ಟಿಗೆ ಬಾಗಿಲು ತೆರೆಯುತ್ತದೆ. ಅದರ ಉಸಿರಿನಿಂದಲೂ ಕಾಳಿನ ನಡುವೆ ತೇವ ಸೇರುತ್ತದೆ. ಆದ್ದರಿಂದ ಹುಳ ತಡೆದರೆ ಬೂಷ್ಟನ್ನೂ ಅರ್ಧ ತಡೆದಂತೆ.

ನಮ್ಮ ಮೂರು ತಾಲ್ಲೂಕುಗಳಲ್ಲಿ ಈ ತೊಂದರೆ ಒಂದೇ ರೀತಿ ಬರುವುದಿಲ್ಲ. ಬೇಸಿಗೆಯಲ್ಲಿ ೪೦ ಡಿಗ್ರಿ ದಾಟುವ ಬಿಸಿಲು ನಮ್ಮದು. ಇಷ್ಟು ಬಿಸಿಲಿದ್ದೂ ಬೂಷ್ಟೇ ಎಂದು ನೀವು ಕೇಳಬಹುದು. ಸಂಗತಿ ಇರುವುದು ಕಾಲದಲ್ಲಿ. ತೊಗರಿ ಡಿಸೆಂಬರ್ ಜನವರಿಯಲ್ಲಿ ರಾಶಿಯಾಗಿ ಜೂನಿನಲ್ಲಿ ಬಿತ್ತನೆಗೆ ಹೋಗುತ್ತದೆ. ನಡುವೆ ಇರುವುದು ಒಣ ಬೇಸಿಗೆ. ಅದಕ್ಕೆ ಬೂಷ್ಟಿಗಿಂತ ಹುಳದ ಭಯ ಹೆಚ್ಚು. ಹಿಂಗಾರಿ ಜೋಳ ಹಾಗಲ್ಲ. ಫೆಬ್ರವರಿಯಲ್ಲಿ ಮನೆಗೆ ಬಂದರೆ ಸೆಪ್ಟೆಂಬರಿನ ತನಕ, ಎಂದರೆ ಇಡೀ ಮಳೆಗಾಲವನ್ನು ಅದು ಗಡಿಗೆಯಲ್ಲೇ ಕಳೆಯಬೇಕು. ಹೆಸರುಕಾಳು ಬಿಡಿಸುವುದೇ ಮಳೆಯ ನಡುವೆ. ಒಣಗುವ ಮೊದಲೇ ಅದಕ್ಕೆ ಗ್ರಹಣ. ಇನ್ನು ಸುರಪುರದ ಕಡೆ ನಾರಾಯಣಪುರ ಅಣೆಕಟ್ಟಿನ ಎಡದಂಡೆ ಕಾಲುವೆ ಬಂದ ಮೇಲೆ ಭತ್ತ ಹೆಚ್ಚಿತು. ಎರೆಹೊಲದ ಒಣಜೋಳ ಇಡುತ್ತಿದ್ದ ಮನೆಗೆ ಹಸಿ ಭತ್ತ ಬಂತು. ಜೋಳಕ್ಕೆ ಸಾಕಾಗುತ್ತಿದ್ದ ಒಣಗಿಸುವ ಅಭ್ಯಾಸ ಭತ್ತಕ್ಕೆ ಸಾಲದೆಂದು ನನ್ನ ತವರಿನಲ್ಲಿ ಕಂಡುಕೊಂಡದ್ದು ಒಂದೆರಡು ಸುಗ್ಗಿಯ ನಂತರವೇ.

ಯಾದಗಿರಿಯ ಕಡೆಯ ಶೇಂಗಾದ್ದು ಎಲ್ಲಕ್ಕಿಂತ ನಾಜೂಕು. ಅದು ಎಣ್ಣೆಕಾಳು, ಸಿಪ್ಪೆ ಸುಲಿದರೆ ಬೇಗ ಮೊಳಕೆಯ ಶಕ್ತಿ ಕಳೆದುಕೊಳ್ಳುತ್ತದೆ. ಮಣ್ಣಿನೊಳಗೇ ಕಾಯಿ ಕಟ್ಟುವುದರಿಂದ ಮಣ್ಣಿನ ಬೂಷ್ಟನ್ನು ಹೊತ್ತುಕೊಂಡೇ ಮನೆಗೆ ಬರುತ್ತದೆ.

ಎಲೆಯಲ್ಲಿ ಏನಿದೆ?

ಗಿಡಕ್ಕೆ ಓಡಿಹೋಗಲು ಕಾಲಿಲ್ಲ. ತನ್ನನ್ನು ತಿನ್ನಬರುವ ಹುಳ, ಬೂಷ್ಟುಗಳನ್ನು ಅದು ರಸದಿಂದಲೇ ಎದುರಿಸಬೇಕು. ಆ ರಸಗಳನ್ನೇ ನಾವು ಸಾಂಬಾರ ಪದಾರ್ಥವೆಂದು, ಔಷಧಿಯೆಂದು ಬಳಸುವುದು. ಲವಂಗದ ಘಾಟು ಯುಜೆನಾಲ್ ಎಂಬುದರಿಂದ. ತುಳಸಿಯಲ್ಲೂ ಅದು ಇದೆ. ಅಜವಾನದ ಖಾರ ಥೈಮಾಲ್‌ನದು. ಅರಿಸಿನದಲ್ಲಿ ಕರ್ಕ್ಯುಮಿನ್. ಬೇವಿನಲ್ಲಂತೂ ಒಂದಲ್ಲ, ಹತ್ತಾರು ಕಹಿ ವಸ್ತುಗಳಿವೆ. ಅವುಗಳಲ್ಲಿ ಹೆಸರಾದ ಅಜಾಡಿರಾಕ್ಟಿನ್ ಮುಖ್ಯವಾಗಿ ಹುಳದ ವೈರಿ.

ಬೆಳ್ಳುಳ್ಳಿಯದು ಸ್ವಾರಸ್ಯದ ಸಂಗತಿ. ಇಡೀ ಎಸಳಿಗೆ ಹೆಚ್ಚು ವಾಸನೆ ಇಲ್ಲ, ಜಜ್ಜಿದ ಕೂಡಲೇ ಮೂಗಿಗೆ ಹೊಡೆಯುತ್ತದೆ. ಜಜ್ಜಿದಾಗ ಒಳಗಿನ ಎರಡು ವಸ್ತು ಕೂಡಿ ಆಲಿಸಿನ್ ಎಂಬ ಮೂರನೆಯದು ಹುಟ್ಟುತ್ತದೆ. ೧೯೪೪ರಲ್ಲಿ ಅಮೆರಿಕದ ಕವಾಲಿಟೊ ಮತ್ತು ಬೇಯ್ಲಿ ಎಂಬ ವಿಜ್ಞಾನಿಗಳು ಇದನ್ನು ಬೇರ್ಪಡಿಸಿ ತೋರಿಸಿದರು. ಬೂಷ್ಟನ್ನು ತಡೆಯುವುದು ಈ ಆಲಿಸಿನ್. ಕುದಿಸಿದರೆ, ಹೊತ್ತು ಮೀರಿದರೆ ಅದರ ಬಲ ಇಳಿಯುತ್ತದೆ. ಒಗ್ಗರಣೆಯ ಬೆಳ್ಳುಳ್ಳಿ ನಾಲಿಗೆಗೆ ಹಿತ, ಬೀಜಕ್ಕೆ ಪ್ರಯೋಜನವಿಲ್ಲ.

ಪ್ರಯೋಗಾಲಯದಲ್ಲಿ ಇದನ್ನು ಪರೀಕ್ಷಿಸುವ ರೀತಿ ಕೇಳಿದರೆ ನಿಮಗೆ ಪುಡಿಂಗ್ ನೆನಪಾದೀತು. ನಾವು ಪುಡಿಂಗಿಗೆ ಹಾಕುವ ಚೀನಾ ಗ್ರಾಸ್ ಇದೆಯಲ್ಲ, ಅದೇ ಅವರ ಅಗರ್. ಬೂಷ್ಟಿಗೆ ಆಹಾರ ಬೆರೆಸಿ ಕುದಿಸಿ, ಗಾಜಿನ ತಟ್ಟೆಯಲ್ಲಿ ಹೆಪ್ಪುಗಟ್ಟಿಸುತ್ತಾರೆ. ಒಂದು ತಟ್ಟೆಗೆ ಎಲೆಯ ರಸ ಸೇರಿಸಿ, ಇನ್ನೊಂದಕ್ಕೆ ಸೇರಿಸದೆ, ಎರಡರ ನಡುವೆಯೂ ಒಂದೊಂದು ಚೂರು ಬೂಷ್ಟು ಇಟ್ಟು ಯಾವುದರಲ್ಲಿ ಎಷ್ಟು ಹರಡಿತೆಂದು ಅಳೆಯುತ್ತಾರೆ. ಬೀಜದ ರೋಗಗಳನ್ನು ಹೀಗೆ ಶಾಸ್ತ್ರೀಯವಾಗಿ ಕಲಿಸಲೆಂದೇ ೧೯೬೭ರಲ್ಲಿ ಡೆನ್ಮಾರ್ಕಿನಲ್ಲಿ ಪಾಲ್ ನೀರ್ಗಾರ್ಡ್ ಅವರು ಒಂದು ಸಂಸ್ಥೆ ಕಟ್ಟಿದರು. ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲೂ ಬೀಜರೋಗಶಾಸ್ತ್ರದ ಅಧ್ಯಯನ ದೊಡ್ಡದಾಗಿ ಬೆಳೆದಿದೆ.

ಆದರೆ ಗಾಜಿನ ತಟ್ಟೆಯ ಗೆಲುವೆಲ್ಲ ಗಡಿಗೆಯ ಗೆಲುವಲ್ಲ. ಎಲೆ ಎಳೆಯದೋ ಬಲಿತದ್ದೋ, ಯಾವ ತಿಂಗಳಲ್ಲಿ ಕಿತ್ತದ್ದು, ರಸ ಎಷ್ಟು ಹೊತ್ತು ಇಟ್ಟದ್ದು - ಇವುಗಳಿಂದ ಗುಣ ಬದಲಾಗುತ್ತದೆ. ಸಾರು ಮಾಡಿದಂತೆಯೇ; ಸಾಮಾನು ಒಂದೇ ಆದರೂ ಕೈಗೊಂದು ರುಚಿ.

ಮೊದಲು ಬಿಸಿಲು, ಆಮೇಲೆ ತಪ್ಪಲು

ನನ್ನ ತಪ್ಪು ಈಗ ನಿಮಗೇ ತಿಳಿದಿರಬೇಕು. ಬೂಷ್ಟನ್ನು ತಡೆಯುವ ರಸವನ್ನು ಕೊಟ್ಟೆ, ಜೊತೆಗೆ ಬೂಷ್ಟಿಗೆ ಬೇಕಾದ ನೀರನ್ನೂ ಕೊಟ್ಟೆ, ಆವಿ ಹೋಗದಂತೆ ಬಾಯಿಯನ್ನೂ ಕಟ್ಟಿದೆ. ಎಲೆಯ ರಸ ಒಣಗಿದ ಬೀಜಕ್ಕೆ ಕಾವಲುಗಾರ. ಹಸಿ ಬೀಜವನ್ನು ಅದು ಕಾಯಲಾರದು.

ಜೋಳದ ಬೀಜದಲ್ಲಿ ತೇವ ಶೇಕಡಾ ೧೨ಕ್ಕೂ, ಭತ್ತದ ಬೀಜದಲ್ಲಿ ಶೇಕಡಾ ೧೩ಕ್ಕೂ, ಶೇಂಗಾ, ತೊಗರಿ, ಹೆಸರು, ಎಳ್ಳಿನ ಬೀಜದಲ್ಲಿ ಶೇಕಡಾ ೯ಕ್ಕೂ ಮೀರಬಾರದೆಂಬುದು ಬೀಜ ಪ್ರಮಾಣನದ ಅಳತೆ. ಹ್ಯಾರಿಂಗ್ಟನ್ ಎಂಬ ಬೀಜ ವಿಜ್ಞಾನಿ ಹೇಳಿದ ಒಂದು ಸುಲಭ ಲೆಕ್ಕವಿದೆ. ಬೀಜದ ತೇವ ಶೇಕಡಾ ೧ರಷ್ಟು ಇಳಿದರೆ ಅದರ ಆಯುಷ್ಯ ಹೆಚ್ಚುಕಡಿಮೆ ದುಪ್ಪಟ್ಟು. ಅದೇ ರೀತಿ ಇಟ್ಟ ಜಾಗದ ಶಾಖ ೫ ಡಿಗ್ರಿ ಇಳಿದರೂ ದುಪ್ಪಟ್ಟು.

ನಮ್ಮ ಮನೆಯಲ್ಲಿ ತೇವ ಅಳೆಯುವ ಯಂತ್ರವಿಲ್ಲ. ಹಲ್ಲು, ಕಿವಿ, ಉಪ್ಪು ಇವೆ.

ಹಲ್ಲಿನಿಂದ: ಒಂದು ಕಾಳು ಕಚ್ಚಿ. "ಕಟ್" ಎಂದು ಒಡೆದರೆ ಒಣಗಿದೆ. ಹಲ್ಲು ಊರಿ ಚಪ್ಪಟೆಯಾದರೆ ಇನ್ನೂ ಬಿಸಿಲು ಬೇಕು. (ಔಷಧಿ ಸವರಿದ ಬೀಜವನ್ನು ಎಂದೂ ಬಾಯಿಗೆ ಇಡಬೇಡಿ.)

ಕಿವಿಯಿಂದ: ಶೇಂಗಾ ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿ. ಒಳಗೆ ಕಾಳು ಗಲಗಲ ಎನ್ನಬೇಕು. ಬಿಡಿಸಿ ಉಜ್ಜಿದರೆ ಕೆಂಪು ಸಿಪ್ಪೆ ಸುಲಭವಾಗಿ ಬಿಡಬೇಕು.

ಉಪ್ಪಿನಿಂದ: ಒಣಗಿದ ಗಾಜಿನ ಸೀಸೆಗೆ ಚೆನ್ನಾಗಿ ಹುರಿದು ಆರಿಸಿದ ಪುಡಿ ಉಪ್ಪು ಎರಡು ಚಮಚ, ಮೇಲೆ ಒಂದು ಹಿಡಿ ಕಾಳು ಹಾಕಿ ಮುಚ್ಚಿ ಅಲ್ಲಾಡಿಸಿ. ಹತ್ತು ನಿಮಿಷ ಬಿಟ್ಟು ನೋಡಿ. ಉಪ್ಪು ಸೀಸೆಯ ಗೋಡೆಗೆ ಅಂಟಿದರೆ ತೇವ ಶೇಕಡಾ ೧೫ಕ್ಕೂ ಹೆಚ್ಚಿದೆ. ಅಂಟದಿದ್ದರೂ ಬೀಜಕ್ಕಾದರೆ ಇನ್ನೆರಡು ದಿನ ಬಿಸಿಲು ಕೊಡಿ.

ಒಣಗಿಸುವಾಗಲೂ ವಿವೇಕ ಬೇಕು. ನಡುಹಗಲಿನ ಸುಡುವ ಡಾಂಬರು ರಸ್ತೆಯ ಮೇಲೆ ಬೀಜ ಹರಡಿದರೆ ಒಳಗಿನ ಮೊಳಕೆ ಬೆಂದುಹೋಗುತ್ತದೆ. ಮುಂಜಾನೆ ಮತ್ತು ಇಳಿಹೊತ್ತಿನ ಬಿಸಿಲು, ಕೆಳಗೊಂದು ತಾಡಪತ್ರಿ ಅಥವಾ ತಟ್ಟು, ಆಗಾಗ ಕೈಯಾಡಿಸುವುದು - ಇಷ್ಟಿರಲಿ. ಸಂಜೆ ಮಂಜು ಬೀಳುವ ಮೊದಲೇ ಒಳಗೆ ತನ್ನಿ. ಬಿಸಿ ಆರಿದ ಮೇಲೆಯೇ ತುಂಬಿ. ಬಿಸಿ ಕಾಳು ಮುಚ್ಚಿದರೆ ಬಿಸಿ ರೊಟ್ಟಿ ಡಬ್ಬಿಗೆ ಹಾಕಿದಂತೆ ಬೆವರುತ್ತದೆ.

ಮಾಡುವ ವಿಧಾನ

೧. ಬೇವಿನ ತಪ್ಪಲ ಪುಡಿ (ಗಡಿಗೆಗೆ)

ಬೇಕಾಗುವ ಸಾಮಾನು: ಒಣಗಿದ ಬೀಜ ೧ ಕಿಲೊ, ನೆರಳಲ್ಲಿ ಒಣಗಿಸಿದ ಬೇವಿನ ತಪ್ಪಲ ಪುಡಿ ೨೦ ಗ್ರಾಂ.

ಮಾಡುವ ರೀತಿ: ರೋಗವಿಲ್ಲದ ಬೇವಿನ ಎಲೆಗಳನ್ನು ಬಿಡಿಸಿ ನೆರಳಿನಲ್ಲಿ, ಹಿಡಿದರೆ ಪುಡಿಯಾಗುವ ತನಕ ಒಣಗಿಸಿ. ಕುಟ್ಟಿ ಸೋಸಿ. ಮೊರದಲ್ಲಿ ಬೀಜ ಹರಡಿ ಪುಡಿ ಉದುರಿಸಿ, ಪ್ರತಿ ಕಾಳಿಗೂ ಹತ್ತುವಂತೆ ಕೈಯಾಡಿಸಿ. ಗಡಿಗೆಯನ್ನು ಮೊದಲೇ ಬಿಸಿಲಿಗೆ ಕಾಯಿಸಿ ಆರಿಸಿರಿ. ತಳದಲ್ಲಿ ಒಂದಷ್ಟು ಒಣ ಬೇವಿನೆಲೆ, ಮೇಲೆ ಬೀಜ, ಮೇಲಿನಿಂದ ಮತ್ತೆ ಒಣ ಎಲೆ. ಬಾಯಿಗೆ ಬಟ್ಟೆ ಕಟ್ಟಿ ಮುಚ್ಚಿ. ಗಡಿಗೆ ನೆಲಕ್ಕೆ, ಗೋಡೆಗೆ ತಾಗದಂತೆ ಹಲಗೆಯ ಮೇಲಿರಲಿ.

ಇದರಲ್ಲಿ ನೀರಿನ ಸೋಂಕೇ ಇಲ್ಲ. ಮನೆಯಲ್ಲಿ ಹೆಚ್ಚು ದಿನ ಇಡುವ ಬೀಜಕ್ಕೆ ನನ್ನ ಶಿಫಾರಸು ಇದಕ್ಕೇ. ಬಜೆ ಬೇರಿನ ಪುಡಿಯಾದರೆ ಕಿಲೊಗೆ ೧೦ ಗ್ರಾಂ ಸಾಕು.

೨. ಹಸಿ ಎಲೆಯ ರಸ (ಬಿಸಿಲುಗಾಲಕ್ಕೆ ಅಥವಾ ಬಿತ್ತುವ ಮುನ್ನಾದಿನಕ್ಕೆ)

ಬೇಕಾಗುವ ಸಾಮಾನು: ಬೇವು ಅಥವಾ ತುಳಸಿಯ ಎಲೆ ೧೦೦ ಗ್ರಾಂ, ಇಲ್ಲವೇ ಸುಲಿದ ಬೆಳ್ಳುಳ್ಳಿ ೧೦೦ ಗ್ರಾಂ, ಕುದಿಸಿ ಆರಿಸಿದ ನೀರು ೧ ಲೀಟರು.

ಮಾಡುವ ರೀತಿ: ಎಲೆ ತೊಳೆದು, ೧೦೦ ಮಿಲಿ ಲೀಟರು ನೀರಿನೊಡನೆ ನುಣ್ಣಗೆ ಅರೆದು ತೆಳುಬಟ್ಟೆಯಲ್ಲಿ ಹಿಂಡಿ. ಉಳಿದ ನೀರು ಬೆರೆಸಿ. ಕುದಿಸಬೇಡಿ, ನಾಳೆಗೆ ಇಡಬೇಡಿ. ಹರಡಿದ ಬೀಜದ ಮೇಲೆ ಸ್ವಲ್ಪ ಸ್ವಲ್ಪ ಚಿಮುಕಿಸಿ, ಕಾಳಿನ ಮೈ ತೇವವಾಗುವಷ್ಟು ಮಾತ್ರ ಕೈಯಾಡಿಸಿ. ಮುಳುಗಿಸಿ ನೆನೆಹಾಕಬೇಡಿ. ನೆರಳಿನಲ್ಲಿ ಆರಿಸಿ, ಮತ್ತೆ ಎಳೆಬಿಸಿಲಿನಲ್ಲಿ ಮೊದಲಿದ್ದಷ್ಟೇ ಗಟ್ಟಿಯಾಗಿ ಒಣಗಿಸಿ. ರಸ ಹಾಕಿದ ಬೀಜವನ್ನು ಕಚ್ಚದೆ, ಉಪ್ಪಿನ ಸೀಸೆಯಲ್ಲೇ ಪರೀಕ್ಷೆ ಮಾಡಿ. ಮೋಡವಿದ್ದರೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಸುಲಿದ ಶೇಂಗಾ ಬೀಜಕ್ಕೆ ಹಸಿ ರಸ ಬೇಡ. ಅದರ ಸಿಪ್ಪೆ ತೆಳು. ತೇವ ತಾಗಿದರೆ ಜಾರಿ ಬರುತ್ತದೆ. ಶೇಂಗಾವನ್ನು ಕಾಯಿಯಾಗಿಯೇ ಇಟ್ಟು, ಬಿತ್ತನೆ ಹತ್ತಿರ ಬಂದಾಗ ಕೈಯಿಂದ ಸುಲಿಯುವುದೇ ಒಳ್ಳೆಯ ಔಷಧಿ. ಒಡೆಯದ ಕಾಯಿಗಿಂತ ಒಳ್ಳೆಯ ಡಬ್ಬಿ ಯಾವುದಿದೆ?

೩. ಔಡಲೆಣ್ಣೆ (ತೊಗರಿ, ಹೆಸರಿಗೆ)

ಒಣ ಬೀಜ ಒಂದು ಕಿಲೊಗೆ ಒಂದು ಸಣ್ಣ ಚಮಚ ಔಡಲೆಣ್ಣೆ ಅಂಗೈಗೆ ಹಚ್ಚಿಕೊಂಡು ತಿಕ್ಕಿ. ಇದು ಮುಖ್ಯವಾಗಿ ಹುಳಕ್ಕೆ. ಹುಳವಿಲ್ಲದ ಕಾಳಿಗೆ ಬೂಷ್ಟು ನುಗ್ಗುವ ದಾರಿಯೂ ಕಡಿಮೆ.

ಒಂದು ಎಚ್ಚರಿಕೆ. ಗಿಡದ್ದು ಎಂದ ಮಾತ್ರಕ್ಕೆ ನಿರಪಾಯವಲ್ಲ. ಉಮ್ಮತ್ತಿ ಎಲೆಯ ರಸವೂ ಬೂಷ್ಟನ್ನು ತಡೆಯುತ್ತದೆ, ಆದರೆ ಅದು ವಿಷ. ಮಕ್ಕಳಿರುವ ಮನೆಯಲ್ಲಿ ಅದನ್ನು ಅರೆಯುವ ಸಾಹಸ ಬೇಡ. ಬಜೆಯ ಪುಡಿ ಬೆರೆಸಿದ್ದು ಬಿತ್ತಲಿಕ್ಕೆ ಮಾತ್ರ, ಉಣ್ಣಲಿಕ್ಕಲ್ಲ. ಗಡಿಗೆಯ ಮೇಲೆ "ಬೀಜ" ಎಂದು ದಪ್ಪಕ್ಷರದಲ್ಲಿ ಬರೆದಿಡಿ. ಅಂಗಡಿಯ ಬಣ್ಣದ ಬೀಜಕ್ಕಂತೂ ಇದು ಇನ್ನೂ ಮುಖ್ಯ. ೧೯೭೧-೭೨ರಲ್ಲಿ ಇರಾಕಿನಲ್ಲಿ ಪಾದರಸದ ಔಷಧಿ ಸವರಿದ ಬಿತ್ತನೆ ಗೋಧಿಯನ್ನು ಹಸಿದ ಜನ ತೊಳೆದು ರೊಟ್ಟಿ ಮಾಡಿ ತಿಂದರು. ಬಣ್ಣ ಹೋಯಿತು, ವಿಷ ಹೋಗಲಿಲ್ಲ. ಆಸ್ಪತ್ರೆ ಸೇರಿದವರು ೬,೦೦೦ಕ್ಕೂ ಹೆಚ್ಚು, ಸತ್ತವರು ೪೫೯.

ಹಾಗೆಂದು ಎಲ್ಲ ರೋಗಕ್ಕೂ ಎಲೆಯೇ ಮದ್ದು ಎಂದು ನಾನು ಹೇಳಲಾರೆ. ಜೋಳದ ಕಾಡಿಗೆ ರೋಗದಂಥವು ಬೀಜದ ಮೇಲೆಯೇ ಕುಳಿತು ಹೊಲಕ್ಕೆ ಬರುತ್ತವೆ. ಹಿಂದಿನ ವರ್ಷ ಹೊಲದಲ್ಲಿ ಅದು ಕಂಡಿದ್ದರೆ ತಿಳಿದವರನ್ನು ಕೇಳಿಯೇ ಬೀಜೋಪಚಾರ ಮಾಡಿ. ನಮ್ಮ ಜಿಲ್ಲೆಯಲ್ಲಿ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ, ಭೀಮರಾಯನಗುಡಿಯ ಕೃಷಿ ಕಾಲೇಜು ಇವೆ. ಸೀರೆ ಅಂಗಡಿಗೆ ಹೋಗಲು ಸಂಕೋಚಪಡದ ನಾವು ಇಲ್ಲಿಗೆ ಹೋಗಲು ಏಕೆ ಹಿಂಜರಿಯಬೇಕು?

ಬೂಸರು ಬಂದದ್ದನ್ನು ತಿನ್ನಬಹುದೇ?

ಮತ್ತೆ ನಮ್ಮ ಮನೆಯ ಕಥೆಗೆ ಬರುತ್ತೇನೆ. ಕೆಟ್ಟ ಹನ್ನೆರಡು ಕಿಲೊ ಜೋಳ ಅಂಗಳದಲ್ಲಿತ್ತು. ಮರುದಿನ ಅತ್ತೆ ಮೊರ ಹಿಡಿದು ಬಂದರು.

"ಬಿಸಿಲಿಗಿ ಹಾಕಿ ತಿಕ್ಕಿ ತೊಳದ್ರ ಬೀಸಾಕ ಬರ್ತದ. ಇಲ್ಲಂದ್ರ ಎಮ್ಮಿಗರ ಹಾಕು. ಅನ್ನ ಚೆಲ್ಲಬಾರದವಾ."

ತಪ್ಪು ಮಾಡಿದವಳು ನಾನು, ಮಾತಾಡಲು ಬಾಯಿಲ್ಲ. ಆದರೂ ಅಂದು ನಾನು ಅಡ್ಡ ನಿಂತೆ. ಏಕೆಂದರೆ ಬೂಷ್ಟು ತೊಳೆದರೆ ಹೋಗುವುದು ಬಣ್ಣ ಮಾತ್ರ. ಅದು ಕಾಳಿನೊಳಗೆ ಬಿಟ್ಟ ವಿಷ ಹೋಗುವುದಿಲ್ಲ.

ನಮ್ಮ ಕಡೆ ಹಿಂಡಿ ಎಂದರೆ ಎರಡು. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಒಂದು, ಗಾಣದಲ್ಲಿ ಎಣ್ಣೆ ತೆಗೆದು ಉಳಿದ ದನದ ಹಿಂಡಿ ಇನ್ನೊಂದು. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಸತ್ತವು. ಹುಡುಕಿದಾಗ ಸಿಕ್ಕ ಕಾರಣ, ಅವುಗಳ ಮೇವಿನಲ್ಲಿದ್ದ ಬೂಷ್ಟು ಹಿಡಿದ ಶೇಂಗಾ ಹಿಂಡಿ. ಆಸ್ಪರ್ಜಿಲಸ್ ಫ್ಲೇವಸ್ ಹುಟ್ಟಿಸುವ ಆ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಯಕೃತ್ತಿಗೆ ಏಟು ಕೊಡುವ, ಕ್ಯಾನ್ಸರ್ ತರುವ ವಿಷ ಅದು. ಹುರಿದರೂ ಬೇಯಿಸಿದರೂ ಪೂರ್ತಿ ನಾಶವಾಗುವುದಿಲ್ಲ.

ದೂರದ ದೇಶದ ಮಾತು ಎನ್ನಬೇಡಿ. ೧೯೭೪ರಲ್ಲಿ ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಲ್ ಕಡೆಯ ಹಳ್ಳಿಗಳಲ್ಲಿ ಮಳೆಯಲ್ಲಿ ನೆನೆದು ಬೂಷ್ಟು ಬಂದ ಮೆಕ್ಕೆಜೋಳ ಉಂಡು ನೂರಕ್ಕೂ ಹೆಚ್ಚು ಜನ ಕಾಮಾಲೆಯಾಗಿ ಸತ್ತರು. ೧೯೯೫ರಲ್ಲಿ ನಮ್ಮ ದಖನ್ ಸೀಮೆಯ ಹಳ್ಳಿಗಳಲ್ಲೇ, ಕೊಯ್ಲಿನ ಮೇಲೆ ಮಳೆ ಬಿದ್ದು ಬೂಷ್ಟು ಹಿಡಿದ ಜೋಳ, ಮೆಕ್ಕೆಜೋಳ ತಿಂದವರಿಗೆ ಹೊಟ್ಟೆನೋವು, ಭೇದಿ ಕಾಣಿಸಿತು. ಅದು ಫ್ಯುಸೇರಿಯಂ ಬೂಷ್ಟಿನ ಫ್ಯುಮೊನಿಸಿನ್ ವಿಷವೆಂದು ತಿಳಿಯಿತು.

"ಎಮ್ಮಿಗರ ಹಾಕು" ಎಂಬುದೂ ಉಳಿತಾಯವಲ್ಲ. ಎಮ್ಮೆ ತಿಂದ ಅಫ್ಲಾಟಾಕ್ಸಿನ್ ರೂಪ ಬದಲಿಸಿ ಹಾಲಿಗೆ ಇಳಿಯುತ್ತದೆ. ಆ ಹಾಲು ಕುಡಿಯುವವರು ಯಾರು? ನಮ್ಮ ಮಕ್ಕಳೇ.

ಇದನ್ನೆಲ್ಲ ಅತ್ತೆಗೆ ನನಗೆ ತಿಳಿದ ಮಾತಿನಲ್ಲಿ ಹೇಳಿದೆ. ಎಮ್ಮೆಯ ಹಾಲು, ಮೊಮ್ಮಗನ ಲೋಟ - ಇಷ್ಟು ಕೇಳಿದ ಮೇಲೆ ಅವರು ಮೊರ ಕೆಳಗಿಟ್ಟರು. "ಹಂಗಾರ ಹುಗದ ಬಿಡು" ಎಂದರು. ಇಬ್ಬರೂ ಸೇರಿ ತಿಪ್ಪೆಯ ಆಚೆ ಗುಂಡಿ ತೋಡಿ ಹೂತೆವು. ಹಸಿ ಬೀಜದ ವಿಷಯದಲ್ಲಿ ಅವರು ಸರಿ, ಬೂಸರಿನ ವಿಷಯದಲ್ಲಿ ನಾನು ಸರಿ. ಆ ದಿನ ಲೆಕ್ಕ ಚುಕ್ತಾ ಆಯಿತು ಎನ್ನಿ.

ಶೇಂಗಾ ಹಿಂಡಿ ಕುಟ್ಟುವಾಗಲೂ ಇದು ನೆನಪಿರಲಿ. ಕಪ್ಪಾದ, ಸುಕ್ಕಿದ, ಮುಗ್ಗು ವಾಸನೆಯ, ಕಹಿ ಬಂದ ಕಾಳು ಆರಿಸಿ ಬಿಸಾಡಿ. ಖಾರ, ಬೆಳ್ಳುಳ್ಳಿ ಹೆಚ್ಚು ಹಾಕಿ ವಾಸನೆ ಮುಚ್ಚಬಹುದು, ವಿಷ ಮುಚ್ಚಲಾಗದು.

ಬಿತ್ತುವ ಮೊದಲು ನೂರು ಎಣಿಸಿ

ಗಡಿಗೆಯ ಗುಟ್ಟು ಹೊಲದಲ್ಲಿ ಬಯಲಾಗುವ ತನಕ ಕಾಯಬೇಡಿ. ಬಿತ್ತನೆಗೆ ಹದಿನೈದು ದಿನ ಮೊದಲು, ಆರಿಸದೆ ಕೈಗೆ ಬಂದಂತೆ ನೂರು ಕಾಳು ಎಣಿಸಿ. ಒದ್ದೆ ಮಾಡಿ ಹಿಂಡಿದ ಹತ್ತಿ ಬಟ್ಟೆಯ ಮೇಲೆ ಒಂದಕ್ಕೊಂದು ತಾಗದಂತೆ ಸಾಲಾಗಿ ಇಟ್ಟು, ಚಾಪೆಯಂತೆ ಸುತ್ತಿ ನೆರಳಲ್ಲಿಡಿ. ದಿನವೂ ನೀರು ಚಿಮುಕಿಸಿ. ಜೋಳ, ಹೆಸರು, ತೊಗರಿಯನ್ನು ವಾರಕ್ಕೆ, ಶೇಂಗಾವನ್ನು ಹತ್ತು ದಿನಕ್ಕೆ ಬಿಚ್ಚಿ ಎಣಿಸಿ. ಜೋಳ, ತೊಗರಿ, ಹೆಸರಿನಲ್ಲಿ ೭೫, ಶೇಂಗಾದಲ್ಲಿ ೭೦ ಗಟ್ಟಿ ಮೊಳಕೆ ಬಂದರೆ ಬೀಜ ಬಿತ್ತಲು ಯೋಗ್ಯ. ಎಷ್ಟು ಕಾಳಿನ ಸುತ್ತ ಬೂಷ್ಟು ಎದ್ದಿದೆ ಎಂಬುದನ್ನೂ ನೋಡಿ. ಪ್ರಯೋಗಾಲಯದಲ್ಲಿ ಒದ್ದೆ ಕಾಗದದ ಮೇಲೆ ಅವರು ಮಾಡುವ ಪರೀಕ್ಷೆಯೂ ಹೆಚ್ಚುಕಡಿಮೆ ಇದೇ.

ಆ ವರ್ಷ ನಾವು ಬಿತ್ತಿದ್ದು ಪೇಟೆಯ ಬೀಜ. ಬೆಳೆ ಬಂತು, ಆದರೆ ಅತ್ತೆ ಆ ರೊಟ್ಟಿ ತಿನ್ನುವಾಗ ಏನೂ ಮಾತಾಡುತ್ತಿರಲಿಲ್ಲ. ಮರುವರ್ಷ ಸುಗ್ಗಿಯ ಹೊತ್ತಿಗೆ ಓಣಿಯ ಕೊನೆಯ ಮನ��ಯ ಅಜ್ಜಿ ಒಂದು ಸಣ್ಣ ಗಂಟು ಹೊತ್ತು ಬಂದರು. ಹಿಂದೊಮ್ಮೆ ಅವರ ಬೀಜ ಇಲಿ ತಿಂದಾಗ ನಮ್ಮತ್ತೆ ಎರಡು ಸೇರು ಕಡ ಕೊಟ್ಟಿದ್ದರಂತೆ. ನನಗೆ ಗೊತ್ತೇ ಇರಲಿಲ್ಲ. "ನಿಮ್ಮನಿ ಬೀಜ ನಿಮ್ಮನಿಗೇ ಬಂತು, ತಗೋರಿ" ಎಂದು ಗಂಟು ಬಿಚ್ಚಿದರು. ಅದೇ ಮುತ್ತಿನಂಥ ದುಂಡು ಬಿಳಿಜೋಳ.

ಅತ್ತೆ ಒಂದು ಹಿಡಿ ತೆಗೆದು ನೋಡಿ, ಗಂಟನ್ನು ನನ್ನ ಉಡಿಗೆ ಹಾಕಿದರು. "ಈ ಸಲ ನೀನ ಕಟ್ಟು. ನಿನ್ನ ಬೇವಿನ ಪುಡೀನೂ ಹಾಕು. ಆದ್ರ ಮೊದಲ ಬಿಸಿಲಿಗಿ ಹಾಕು."

ನಾಲ್ಕು ದಿನ ಬಿಸಿಲಿಗೆ ಹಾಕಿದೆ. ಬೇವಿನ ಪುಡಿ ಬೆರೆಸಿದೆ. ಗಡಿಗೆಗೆ ತುಂಬುವ ಮೊದಲು ಎರಡು ಸೇರು ಬೇರೆ ತೆಗೆದು ಯಾದಗಿರಿಯ ನಾದಿನಿಗೆ, ಒಂದು ಸೇರು ಸುರಪುರದ ತವರಿಗೆ ಕಳುಹಿಸಿದೆ. ಎಷ್ಟೇ ಒಣಗಿಸಿ, ಎಂಥ ಎಲೆಯನ್ನೇ ಬೆರೆಸಿ, ಒಂದೇ ಗಡಿಗೆಯನ್ನು ನಂಬಬಾರದು ಎಂಬ ಪಾಠವನ್ನು ನನಗೆ ಆ ಅಜ್ಜಿ ಕಲಿಸಿದ್ದರು.

ಈ ಸಂಚಿಕೆ ಓದಿ ಕೆಳಗಿಡುವ ಮುನ್ನ ಒಮ್ಮೆ ಎದ್ದು ಹೋಗಿ ನಿಮ್ಮ ಬೀಜದ ಗಡಿಗೆಯ ಬಾಯಿ ಬಿಚ್ಚಿ ಮೂಸಿ ನೋಡಿ. ಒಣ ಕಾಳಿನ ಘಮ ಬಂದರೆ ಮತ್ತೆ ಕಟ್ಟಿಡಿ. ಮುಗ್ಗು ವಾಸನೆ ಬಂದರೆ ಇವತ್ತೇ ಬಿಸಿಲಿದೆಯೇ ನೋಡಿ.